ಗ್ರಹಣದ ಕತ್ತಲಲ್ಲಿ ಸಿಕ್ಕ ಭೂತಗನ್ನಡಿ

1980ರ ಫೆಬ್ರವರಿ 16ರ ಮಧ್ಯಾಹ್ನ ಪೂರ್ಣ ಸೂರ್ಯಗ್ರಹಣದ ನೆರಳು ಕಡಲು ದಾಟಿ ಬಂದು ಭಾರತದ ನೆಲ ಮುಟ್ಟಿದ್ದು ನಮ್ಮ ಅಂಕೋಲಾದ ಆಸುಪಾಸಿನಲ್ಲಿ. ನಮ್ಮನೆಯಲ್ಲಿ ಆಯಿ ನೀರಿನ ಕೊಡಕ್ಕೆ ದರ್ಭೆ ಹಾಕಿ, ಕಿಟಕಿ ಮುಚ್ಚಿ, ಮಕ್ಕಳನ್ನೆಲ್ಲ ಒಳಗೆ ಕೂರಿಸಿದ್ದಳು. ಹಗಲಲ್ಲೇ ನಕ್ಷತ್ರ ಕಾಣುವ ಆ ಕೆಲವು ನಿಮಿಷ ಕೈತಪ್ಪಿದ ಸಂಕಟ ನನಗೆ ಈಗಲೂ ಇದೆ.

ಯಾಕೆಂದರೆ ಅಂಥದೇ ಕತ್ತಲಲ್ಲಿ, 1919ರ ಮೇ 29ರಂದು, ಐನ್‌ಸ್ಟೈನ್ ಮಾತು ಪರೀಕ್ಷೆಗೆ ನಿಂತಿತ್ತು. ಸೂರ್ಯನ ಅಂಚಿಗೆ ತಾಗಿ ಬರುವ ನಕ್ಷತ್ರದ ಬೆಳಕು ಸೂರ್ಯನ ಗುರುತ್ವದಿಂದ 1.75 ಆರ್ಕ್‌ಸೆಕೆಂಡ್ ಬಾಗಬೇಕು ಎಂದಿದ್ದರು ಅವರು. ಹತ್ತು ರೂಪಾಯಿ ನಾಣ್ಯವನ್ನು 3 ಕಿ.ಮೀ. ಆಚೆಯಿಂದ ನೋಡಿದರೆ ಸುಮಾರು ಅಷ್ಟೇ ಅಗಲ. ಆಫ್ರಿಕಾದ ಪ್ರಿನ್ಸಿಪೆ ದ್ವೀಪದಲ್ಲಿ ಇಂಗ್ಲೆಂಡಿನ ಖಗೋಳಜ್ಞ ಎಡಿಂಗ್ಟನ್, ಬ್ರೆಜಿಲ್‌ನ ಸೊಬ್ರಾಲ್‌ನಲ್ಲಿ ಇನ್ನೊಂದು ತಂಡ ತೆಗೆದ ಫೋಟೋಗಳು ಅವರ ಲೆಕ್ಕವನ್ನೇ ಎತ್ತಿಹಿಡಿದವು.

ಬೆಳಕು ಬಾಗುವುದಾದರೆ ಭಾರವಾದ ಯಾವುದೂ ಮಸೂರವಾಗಬಹುದು. ಕಾರವಾರದ ಬೀಚಿನಲ್ಲಿ ರಾತ್ರಿ ನಿಂತು, ದೇವಗಡ ದ್ವೀಪದ ದೀಪಸ್ತಂಭವನ್ನು ದಪ್ಪ ಗಾಜಿನ ಲೋಟದ ತಳದ ಮೂಲಕ ನೋಡಿ. ಚುಕ್ಕಿಯಂಥ ಬೆಳಕು ಬಿಲ್ಲಿನಂತೆ ಬಾಗುತ್ತದೆ. ಲೋಟ ಕೊಂಚ ಸರಿಸಿದರೆ ಒಡೆದು ಎರಡಾಗುತ್ತದೆ. ಆದರೂ 1936ರಲ್ಲಿ ಐನ್‌ಸ್ಟೈನ್ ಅವರೇ, ನಕ್ಷತ್ರವೊಂದು ಹೀಗೆ ಮಸೂರವಾಗುವುದನ್ನು ಕಣ್ಣಾರೆ ಕಾಣುವ ಸಾಧ್ಯತೆ ಇಲ್ಲವೆಂದೇ ಬರೆದರು. ಮರುವರ್ಷ ಖಗೋಳಜ್ಞ ಫ್ರಿಟ್ಜ್ ಝ್ವಿಕಿ, ನಕ್ಷತ್ರ ಬಿಡಿ, ಗ್ಯಾಲಕ್ಸಿಗಳನ್ನು ನೋಡಿ ಎಂದರು. ಅವರ ಮಾತು ನಿಜವಾಗಲು 42 ವರ್ಷ ಹಿಡಿಯಿತು: 1979ರಲ್ಲಿ ಅಕ್ಕಪಕ್ಕ ಕಂಡ, ಬಹುದೂರದ ಗ್ಯಾಲಕ್ಸಿಗಳ ಪ್ರಖರ ನಡುಭಾಗಗಳಾದ ಎರಡು ಕ್ವೇಸಾರ್‌ಗಳು ಒಂದೇ ಕ್ವೇಸಾರ್‌ನ ಎರಡು ಬಿಂಬಗಳೆಂದು ಗೊತ್ತಾಯಿತು.

ಈಗ ಗ್ಯಾಲಕ್ಸಿಗಳ ಗುಂಪುಗಳೇ ಖಗೋಳಜ್ಞರ ಭೂತಗನ್ನಡಿ. ಹಿಂದಿರುವ ಮಸುಕು ಗ್ಯಾಲಕ್ಸಿಯನ್ನು ಅವು ಹಿಗ್ಗಿಸಿ, ಬೆಳಗಿಸಿ ತೋರಿಸುತ್ತವೆ. 2022ರ ಜುಲೈನಲ್ಲಿ ಬಂದ ಜೇಮ್ಸ್ ವೆಬ್ ದೂರದರ್ಶಕದ ಮೊದಲ ಬಣ್ಣದ ಚಿತ್ರದಲ್ಲಿ ಕಂಡ ಕಮಾನುಗಳೆಲ್ಲ ಹೀಗೆ ಎಳೆದುಹೋದ ದೂರದ ಗ್ಯಾಲಕ್ಸಿಗಳು. ಬಾಗಿದ ಪ್ರಮಾಣದಿಂದ ಗುಂಪಿನ ಭಾರವೂ ತಿಳಿಯುತ್ತದೆ. ಕಣ್ಣಿಗೆ ಕಾಣದ ಕಪ್ಪುದ್ರವ್ಯವನ್ನು ತೂಗುವುದು ಹೀಗೆಯೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಸಾಯುವ ನಕ್ಷತ್ರವೊಂದರ ಸ್ಫೋಟ, ರೆಫ್ಸ್‌ಡಾಲ್ ಸೂಪರ್‌ನೋವಾ. 2014ರಲ್ಲಿ ಆ ಸ್ಫೋಟ, ನಡುವೆ ಮಸೂರದಂತೆ ಅಡ್ಡ ನಿಂತ ಒಂದೇ ಗ್ಯಾಲಕ್ಸಿಯ ಸುತ್ತ ನಾಲ್ಕು ಚುಕ್ಕಿಯಾಗಿ ಕಂಡಿತು. ಅದರ ಬೆಳಕಿಗೆ ಇನ್ನೂ ಉದ್ದದ, ಸುತ್ತುಬಳಸಿನ ದಾರಿಯೊಂದಿತ್ತು. ಆ ದಾರಿಯ ಬೆಳಕು ಯಾವಾಗ, ಎಲ್ಲಿ ಕಾಣುತ್ತದೆಂದು ಖಗೋಳಜ್ಞರು ಮೊದಲೇ ಲೆಕ್ಕ ಹಾಕಿಟ್ಟರು. 2015ರ ಡಿಸೆಂಬರ್ 11ರಂದು ಹಬಲ್ ದೂರದರ್ಶಕ ಆ ಕಡೆ ನೋಡಿದಾಗ, ಒಮ್ಮೆ ಮುಗಿದುಹೋದ ಸ್ಫೋಟ ಹೇಳಿದ ಜಾಗದಲ್ಲಿ ಮತ್ತೆ ಹೊತ್ತಿಕೊಂಡಿತ್ತು.