ಕಲ್ಲಿನ ಕಿಟಕಿಯಲ್ಲಿ ಕೂತ ಅಯಾನುಗಳು

ವಿಜಯಪುರದಲ್ಲಿ ನನ್ನ ಸೋದರಮಾವನ ಮಂಚದ ಪಕ್ಕ ಆಕ್ಸಿಜನ್ ಕಾನ್ಸಂಟ್ರೇಟರ್ ಹಗಲಿರುಳು ಓಡುತ್ತದೆ. ಕೆಲವು ಸೆಕೆಂಡಿಗೊಮ್ಮೆ 'ಬುಸ್' ಎಂದು ಉಸಿರು ಬಿಡುತ್ತದೆ. ನೋಡಲು ಬಂದವರು ಅದು ಆಮ್ಲಜನಕವನ್ನು ತಯಾರಿಸುತ್ತದೆ ಎಂದೇ ನಂಬಿದ್ದಾರೆ. ಸ್ವಲ್ಪ ಓದಿಕೊಂಡವರು, ಒಳಗಿರುವ ಜಿಯೋಲೈಟ್ ಎಂಬ ಕಲ್ಲು ಸಾಣಿಗೆಯಂತೆ ದೊಡ್ಡ ಅಣುಗಳನ್ನು ತಡೆಯುತ್ತದೆ ಎನ್ನುತ್ತಾರೆ. ಎರಡೂ ತಪ್ಪು. ಎರಡನೆಯ ತಪ್ಪು ನನ್ನನ್ನು ಹೆಚ್ಚು ಕಾಡುತ್ತದೆ, ಏಕೆಂದರೆ ಅದು ಈ ಕಲ್ಲಿನ ಸೊಗಸನ್ನೇ ಮುಚ್ಚಿಬಿಡುತ್ತದೆ.

1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಡ್ ಒಂದು ಖನಿಜವನ್ನು ಕಾಯಿಸಿದಾಗ ಅದು ನೊರೆಗಟ್ಟಿ ಕುದಿಯಿತು. ಗ್ರೀಕಿನಲ್ಲಿ 'ಕುದಿಯುವ ಕಲ್ಲು' ಎಂಬ ಅರ್ಥ ಬರುವಂತೆ ಜಿಯೋಲೈಟ್ ಎಂದು ಹೆಸರಿಟ್ಟ. ನಿಕಲ್ ಲೋಹವನ್ನು ಕಂಡುಹಿಡಿದವನೂ ಆತನೇ. ಈ ಹರಳಿನ ಟೊಳ್ಳು ಚೌಕಟ್ಟಿನಲ್ಲಿ ಅಲ್ಯೂಮಿನಿಯಂ ಇರುವ ಕಡೆಯೆಲ್ಲ ಒಂದೊಂದು ಋಣ ವಿದ್ಯುದಂಶ ಉಳಿಯುತ್ತದೆ. ಆ ಸಾಲ ತೀರಿಸಲು ಸೋಡಿಯಂನಂಥ ಧನ ಅಯಾನುಗಳು, ಅಂದರೆ ಧನ ವಿದ್ಯುದಂಶ ಹೊತ್ತ ಪರಮಾಣುಗಳು, ಒಳಗೆ ನೆಲೆಸುತ್ತವೆ. ಇವು ಬಾಡಿಗೆಗೆ ಬಂದವರಿದ್ದಂತೆ. ಬೇರೊಂದು ಲವಣದ ನೀರಿನಲ್ಲಿ ನೆನೆಸಿದರೆ ಜಾಗ ಬಿಟ್ಟುಕೊಡುತ್ತವೆ.

'ಎ' ಮಾದರಿಯ ಜಿಯೋಲೈಟನ್ನೇ ನೋಡಿ. ಚೌಕಟ್ಟಿನ ಒಂದು ಟೊಳ್ಳು ಕೋಣೆಗೆ ಹನ್ನೆರಡು ಸೋಡಿಯಂ. ಎಂಟಕ್ಕೆ ಎಂಟು ಮೂಲೆಗಳು ಸಿಗುತ್ತವೆ, ಒಂದು ಗೋಡೆಗೆ ಆತುಕೊಳ್ಳುತ್ತದೆ, ಉಳಿದ ಮೂರು, ಅಣುಗಳು ಒಳಹೋಗುವ ಕಿಟಕಿಗಳಲ್ಲೇ ಕೂರುತ್ತವೆ. ಆಗ ತೆರಪು ಸುಮಾರು 4 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮೀಟರಿನ ಸಾವಿರ ಕೋಟಿಯಲ್ಲೊಂದು ಪಾಲು). ಅಲ್ಲಿ ದಪ್ಪ ಪೊಟ್ಯಾಸಿಯಂ ಕೂತರೆ ಸುಮಾರು 3. ನೀರಿನಂಥ ಪುಟ್ಟ ಅಣುವಷ್ಟೇ ನುಸುಳೀತು. ಕ್ಯಾಲ್ಸಿಯಂ ಗಾತ್ರದಲ್ಲಿ ಸೋಡಿಯಂನಷ್ಟೇ, ವಿದ್ಯುದಂಶ ಮಾತ್ರ ಇಮ್ಮಡಿ. ಒಂದು ಕ್ಯಾಲ್ಸಿಯಂ ಬಂದರೆ ಎರಡು ಸೋಡಿಯಂ ಹೊರಡಬೇಕು. ಎಂಟು ಸೋಡಿಯಂ ಹೋಗಿ ನಾಲ್ಕು ಕ್ಯಾಲ್ಸಿಯಂ ಬಂದರೆ ಉಳಿದವರು ಒಟ್ಟು ಎಂಟೇ ಮಂದಿ, ಮೂಲೆಗಳೂ ಎಂಟೇ! ಕಿಟಕಿಗಳೆಲ್ಲ ಖಾಲಿ, ತೆರಪು ಸುಮಾರು 5. ಸಂತೆಯ ದಿನ ಇಂಡಿ ಬಸ್ಸಿನಲ್ಲಿ ಕೆಲವರು ಇಳಿದು, ಬಾಗಿಲಲ್ಲಿ ಜೋತುಬಿದ್ದವರಿಗೆ ಸೀಟು ಸಿಕ್ಕು ದಾರಿ ತೆರವಾದಂತೆ. ಚೌಕಟ್ಟಿನ ಒಂದು ಕೊಂಡಿಯೂ ಕಳಚಿಲ್ಲ.

ಮಾವನ ಯಂತ್ರದಲ್ಲಾದರೋ ಒತ್ತಡದಲ್ಲಿ ತುಂಬಿದ ಗಾಳಿಯ ಸಾರಜನಕ, ಆಮ್ಲಜನಕ ಎರಡೂ ಕಿಟಕಿ ದಾಟುತ್ತವೆ. ಅವುಗಳನ್ನು ಬೇರ್ಪಡಿಸುವುದು ಸೆಳೆತ. ಸಾರಜನಕದ ಅಣುವಿನ ತುದಿಗಳು ತುಸು ಋಣ, ನಡು ತುಸು ಧನ; ಆಮ್ಲಜನಕದಲ್ಲಿ ಈ ಏರುಪೇರು ತೀರ ಕಡಿಮೆ. ಹೀಗಾಗಿ ಒಳಗಿನ ಅಯಾನು ಸಾರಜನಕದ ತುದಿಯನ್ನು ಹಿಡಿದುಕೊಳ್ಳುತ್ತದೆ. ಹೀಗೆ ಒಳಮೈಗೆ ಅಂಟಿಸಿಕೊಳ್ಳುವುದೇ ಅಧಿಶೋಷಣೆ. ಪುಟ್ಟ ಲಿಥಿಯಂ ತನ್ನ ವಿದ್ಯುದಂಶವನ್ನೆಲ್ಲ ಸಾಸಿವೆಯಷ್ಟು ಜಾಗದಲ್ಲಿ ಒತ್ತಿಟ್ಟುಕೊಂಡಿರುವುದರಿಂದ ಅದರ ಹಿಡಿತ ಸೋಡಿಯಂಗಿಂತ ಬಿಗಿ. ಅದಕ್ಕೇ ಇಂಥ ಅನೇಕ ಯಂತ್ರಗಳಲ್ಲಿ ಲಿಥಿಯಂ ತುಂಬಿದ ಜಿಯೋಲೈಟ್ ಇರುತ್ತದೆ. ಒತ್ತಡ ಇಳಿಸಿದಾಗ ಸಾರಜನಕ ಕೈಬಿಟ್ಟು ಹೊರಬರುವ ಸದ್ದೇ ಆ 'ಬುಸ್'. ಗಾಳಿಯಲ್ಲಿರುವ ಆರ್ಗಾನ್ ಎಂಬ ಅನಿಲ ಆಮ್ಲಜನಕದ ಜೊತೆಗೇ ಉಳಿಯುವುದರಿಂದ ಶುದ್ಧತೆ ಶೇ. 95ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಗೋಳಗುಮ್ಮಟ ಕಟ್ಟಿದ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಲಾವಾ. ಅಂಥ ಲಾವಾದ ಗುಳ್ಳೆಗಳಲ್ಲಿ ಬಿಳಿ ಜಿಯೋಲೈಟ್ ಹರಳುಗಳು ಸಿಗುತ್ತವೆ. ದಿಂಬಿನ ಕೆಳಗಿಟ್ಟರೆ ಉಸಿರಾಟ ಸಲೀಸಾಗುತ್ತದೆ ಎಂದು ನಂಬಿದ ನೆಂಟರೊಬ್ಬರು ಮಾವನಿಗೆ ಒಂದನ್ನು ತಂದುಕೊಟ್ಟರು. ಅದರ ಚೂರೊಂದನ್ನು ಪ್ರನಾಳದಲ್ಲಿ ಹಾಕಿ ಅವರೆದುರೇ ಕಾಯಿಸಿದೆ. ಪ್ರನಾಳದ ಬಾಯಿಯ ಬಳಿ, ತಣ್ಣನೆಯ ಗಾಜಿನ ಮೇಲೆ ಹನಿಗಳು ಸಾಲುಗಟ್ಟಿದವು. ಕೋಣೆಗಳ ತುಂಬ ನೀರೇ ಇತ್ತು. ಗಾಳಿಯನ್ನು ಹಿಡಿಯಲು ಅಲ್ಲಿ ಜಾಗವೇ ಇರಲಿಲ್ಲ.