ಮೈನಸ್ 2.5ರ ಗೆರೆ: ಎಲುಬಿನ ಸಾಂದ್ರತೆಯ ವರದಿ ಇಷ್ಟು ಗೋಜಲಾದದ್ದು ಹೇಗೆ?

ಉಡುಪಿ, ಮಂಗಳೂರಿನ ಕಡೆಯ ಆರೋಗ್ಯ ಶಿಬಿರಗಳಲ್ಲಿ ಹಿಮ್ಮಡಿಯನ್ನು ಪುಟ್ಟ ಅಲ್ಟ್ರಾಸೌಂಡ್ ಯಂತ್ರದೊಳಗೆ ಇಡಿಸಿ ಎಲುಬಿನ ಸ್ಕೋರ್ ಬರೆದುಕೊಡುವುದು ಈಗ ಮಾಮೂಲು. ಚೀಟಿಯಲ್ಲಿ ಮೈನಸ್ 2.6 ಕಂಡರೆ ಮನೆಯವರು ಕಂಗಾಲು. ಅದೇ ಹೆಂಗಸಿಗೆ ಆಸ್ಪತ್ರೆಯಲ್ಲಿ ಡೆಕ್ಸಾ (ಎಲುಬಿನ ಸಾಂದ್ರತೆ ಅಳೆಯುವ ಎಕ್ಸ್-ರೇ ಸ್ಕ್ಯಾನ್) ಮಾಡಿಸಿದರೆ ಸೊಂಟಕ್ಕೆ ಮೈನಸ್ 1.4, ಬೆನ್ನಿಗೆ ಮೈನಸ್ 2.1 ಬರಬಹುದು. ಮೂರರಲ್ಲಿ ಯಾವುದನ್ನು ನಂಬುವುದು?

1963ರಲ್ಲಿ ಅಮೆರಿಕದ ಕ್ಯಾಮರಾನ್ ಮತ್ತು ಸೊರೆನ್ಸನ್ ಎಲುಬಿನ ಖನಿಜಾಂಶವನ್ನು ಫೋಟಾನ್ ಕಿರಣದಿಂದ ಅಳೆದು ತೋರಿಸಿದರು. 1980ರ ದಶಕದ ಕೊನೆಗೆ ಎರಡು ಶಕ್ತಿಯ ಎಕ್ಸ್-ರೇ ಬಳಸುವ ಡೆಕ್ಸಾ ಬಂತು. ಗೊಂದಲದ ಬೇರು 1994ರಲ್ಲಿದೆ. ಆ ವರ್ಷ ವಿಶ್ವ ಆರೋಗ್ಯ ಸಂಸ್ಥೆಯ ವರದಿ, ಯುವತಿಯರ ಸರಾಸರಿಗಿಂತ 2.5 ಎಸ್‌ಡಿ (ಸರಾಸರಿಯಿಂದ ಎಷ್ಟು ದೂರ ಎಂದು ಅಳೆಯುವ ಸಂಖ್ಯಾಶಾಸ್ತ್ರದ ಮಾಪು) ಅಥವಾ ಇನ್ನೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಎಲುಬು ಟೊಳ್ಳಾಗುವ ರೋಗ, ಎಂದಿತು. ಈ ಅಂತರವೇ ಟಿ-ಸ್ಕೋರ್. ಆಧಾರ, ಮುಟ್ಟು ನಿಂತ ಬಿಳಿಯ ಹೆಂಗಸರ ಅಂಕಿಅಂಶ. ಅವರಲ್ಲಿ ಸುಮಾರು ಶೇ. 30 ಮಂದಿ ಆ ಗೆರೆಯ ಕೆಳಗೆ ಬರುತ್ತಿದ್ದರು. ಜನಸಮುದಾಯದಲ್ಲಿ ರೋಗ ಎಷ್ಟಿದೆಯೆಂದು ಲೆಕ್ಕ ಹಾಕಲು ಅನುಕೂಲವಾದ ಗೆರೆಯೇ ಬರಬರುತ್ತಾ ಒಬ್ಬೊಬ್ಬರ ಹಣೆಬರಹವಾಯಿತು. ಐವತ್ತರೊಳಗಿನ ಗಂಡಸರಿಗೆ, ಮುಟ್ಟು ನಿಲ್ಲದ ಹೆಂಗಸರಿಗೆ ಟಿ-ಸ್ಕೋರ್ ಅನ್ವಯಿಸುವುದೇ ಇಲ್ಲ. ಅವರಿಗೆ ನೋಡಬೇಕಾದ್ದು ಅದೇ ವಯಸ್ಸಿನವರಿಗೆ ಹೋಲಿಸುವ ಝೆಡ್-ಸ್ಕೋರ್. ಹಿಮ್ಮಡಿಯ ಅಲ್ಟ್ರಾಸೌಂಡಿಗೂ ಈ 2.5 ಹೊಂದುವುದಿಲ್ಲ. ಶಿಬಿರದ ಚೀಟಿ ಮುಂದಿನ ಪರೀಕ್ಷೆಗೆ ದಾರಿಯಾಗಬಹುದೇ ಹೊರತು ರೋಗನಿರ್ಣಯವಲ್ಲ.

ಡೆಕ್ಸಾ ವರದಿಯಲ್ಲಿ ಮೊದಲು ನೋಡಬೇಕಾದ್ದು ಸಂಖ್ಯೆಯನ್ನಲ್ಲ, ಚಿತ್ರವನ್ನು. ಉದಾಹರಣೆಗೆ ಒಬ್ಬಾಕೆಯ ಕೆಳಬೆನ್ನಿನ ಕಶೇರುಕಗಳಲ್ಲಿ (ಬೆನ್ನೆಲುಬಿನ ಮಣಿಗಳಲ್ಲಿ) ಎಲ್1 ಮೈನಸ್ 2.9, ಎಲ್2 ಮೈನಸ್ 2.7, ಎಲ್3 ಮೈನಸ್ 2.6, ಎಲ್4 ಮಾತ್ರ ಮೈನಸ್ 0.4 ಎಂದುಕೊಳ್ಳಿ. ಒಟ್ಟು ಸುಮಾರು ಮೈನಸ್ 2.1 ಎಂದು ಮುದ್ರಣವಾಗುತ್ತದೆ, ‘ಪರವಾಗಿಲ್ಲ’ ಅನ್ನಿಸುತ್ತದೆ. ಆದರೆ ಎಲ್4ರ ಅಂಚಿನಲ್ಲಿ ಸವೆತದಿಂದ ಬೆಳೆದ ಎಲುಬಿನ ಮುಳ್ಳು ಕೂಡ ಸಾಂದ್ರತೆಯಾಗಿಯೇ ಲೆಕ್ಕಕ್ಕೆ ಸೇರಿರುತ್ತದೆ. ಪಕ್ಕದ ಕಶೇರುಕಕ್ಕಿಂತ ಟಿ-ಸ್ಕೋರ್ 1ಕ್ಕಿಂತ ಹೆಚ್ಚು ಬೇರೆಯಾಗಿದ್ದರೆ ಅದನ್ನು ಬಿಟ್ಟು ಲೆಕ್ಕ ಹಾಕಬೇಕು, ಕನಿಷ್ಠ ಎರಡಾದರೂ ಉಳಿದಿರಬೇಕು. ಎಲ್4 ಬಿಟ್ಟರೆ ಈಕೆಯದು ಸುಮಾರು ಮೈನಸ್ 2.7. ಅರುವತ್ತೈದು ದಾಟಿದವರಲ್ಲಿ ಬೆನ್ನಿಗಿಂತ ಸೊಂಟದ ಅಂಕಿ ಹೆಚ್ಚು ಭರವಸೆಯದ್ದು ಎನ್ನುವುದು ಇದೇ ಕಾರಣಕ್ಕೆ. ಅಲ್ಲಿಯೂ ಪಾದವನ್ನು ಒಳಕ್ಕೆ ತಿರುಗಿಸಿ ಕಟ್ಟದೆ ಸ್ಕ್ಯಾನ್ ಮಾಡಿದರೆ ತೊಡೆಮೂಳೆಯ ಕತ್ತು ಗಿಡ್ಡವಾಗಿ ಕಂಡು ಅಂಕಿ ಏರುತ್ತದೆ. ತೊಡೆಮೂಳೆಯ ಕತ್ತಿನೊಳಗಿನ ವಾರ್ಡ್ಸ್ ತ್ರಿಕೋನ ಎಂಬ ಪುಟ್ಟ ಜಾಗದ ಅಂಕಿಯನ್ನು ನಿರ್ಣಯಕ್ಕೆ ಬಳಸಲೇಬಾರದು. ಹಿಂದಿನ ದಿನದಿಂದಲೇ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಿರಬೇಕು, ಇತ್ತೀಚೆಗೆ ಬೇರಿಯಂ ಕುಡಿದಿದ್ದರೆ ಕೆಲವು ದಿನ ಕಾಯಬೇಕು.

ಎರಡು ವರ್ಷದ ಬಳಿಕದ ಮರುಪರೀಕ್ಷೆಯಲ್ಲಿ ಇನ್ನೊಂದು ಎಡವಟ್ಟು. ಬೆನ್ನಿನಲ್ಲಿ ಚದರ ಸೆಂಟಿಮೀಟರಿಗೆ 0.800 ಗ್ರಾಂ ಇದ್ದದ್ದು 0.776 ಆದರೆ ‘ಶೇ. 3 ಇಳಿಯಿತು’ ಎಂದು ಮದ್ದು ಬದಲಾಯಿಸುವುದುಂಟು. ಯಂತ್ರದ ಮತ್ತು ಕೈಯ ಏರುಪೇರಿನಿಂದಲೇ ಅಷ್ಟು ಬರಬಹುದು. ಒಳ್ಳೆಯ ಕೇಂದ್ರಗಳು 30 ಜನರನ್ನು ಎರಡೆರಡು ಸಲ ಅಳೆದು ಏರುಪೇರಿನ ತಮ್ಮದೇ ಮಿತಿ ಕಂಡುಕೊಂಡಿರುತ್ತವೆ; ಅದನ್ನು ಮೀರಿದ ಬದಲಾವಣೆಯಷ್ಟೇ ನಿಜವಾದದ್ದು. ಬೆನ್ನಿಗೆ ಆ ಮಿತಿ ಶೇ. 5.3 ಮೀರಬಾರದು. ಮಂಗಳೂರಿನ ಒಂದು ಯಂತ್ರದ ಅಂಕಿಯನ್ನು ಮಣಿಪಾಲದ ಇನ್ನೊಂದರ ಜೊತೆ ನೇರವಾಗಿ ಹೋಲಿಸುವಂತೆಯೂ ಇಲ್ಲ.

2008ರಲ್ಲಿ ಇಂಗ್ಲೆಂಡಿನ ಷೆಫೀಲ್ಡ್‌ನಿಂದ ಬಂದ, ಎಲುಬು ಮುರಿಯುವ ಸಾಧ್ಯತೆ ಎಷ್ಟೆಂದು ಹೇಳುವ ಫ್ರಾಕ್ಸ್ ಲೆಕ್ಕಾಚಾರ ವಯಸ್ಸು, ತೂಕ, ಹಳೆಯ ಮುರಿತ, ಸ್ಟೀರಾಯ್ಡ್ ಸೇವನೆ ಎಲ್ಲವನ್ನೂ ಸೇರಿಸಿಕೊಂಡಿತು. 2010ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಎಲುಬಿನ ಸಾಂದ್ರತೆಗೆ ಭಾರತೀಯರದೇ ಮಾನದಂಡ ಪ್ರಕಟಿಸಿತು. ಅದು ಬಿಳಿಯರದಕ್ಕಿಂತ ಕಡಿಮೆ, ಹಾಗಾಗಿ ಮಾನದಂಡ ಬದಲಾದರೆ ಸ್ಕೋರೂ ಬದಲಾಗುತ್ತದೆ. ವರದಿಯಲ್ಲಿ ಯಾವುದನ್ನು ಬಳಸಿದ್ದಾರೆಂದು ಕೇಳಿ ತಿಳಿಯುವುದು ರೋಗಿಯ ಹಕ್ಕು.

ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಜಾರಿಬಿದ್ದಷ್ಟಕ್ಕೇ ಸೊಂಟ ಮುರಿದ ಅಜ್ಜಿಗೆ ಸ್ಕೋರ್ ಮೈನಸ್ 1.8 ಇದ್ದರೂ ಚಿಕಿತ್ಸೆ ಬೇಕು. ಹಾಗೆಯೇ, ದಿನವಿಡೀ ಒಳಗೇ ಕೂತು ಬೀಡಿ ಕಟ್ಟುವ ಹೆಂಗಸಿನ ಕಡಿಮೆ ಸ್ಕೋರಿನ ಹಿಂದೆ ವಿಟಮಿನ್ ಡಿ ಕೊರತೆಯಿಂದ ಎಲುಬು ಮೆತ್ತಗಾಗಿರುವುದೂ ಇರಬಹುದು. ಡೆಕ್ಸಾ ಅದನ್ನು ಬೇರ್ಪಡಿಸಿ ಹೇಳಲಾರದು. ರಕ್ತದಲ್ಲಿ ಕ್ಯಾಲ್ಸಿಯಂ, ರಂಜಕ, ಆಲ್ಕಲೈನ್ ಫಾಸ್ಫಟೇಸ್, ವಿಟಮಿನ್ ಡಿ ನೋಡಿಯೇ ಮುಂದುವರಿಯಬೇಕು. ಕೊರತೆ ತುಂಬದೆ ಎಲುಬಿನ ಸವಕಳಿ ತಡೆಯುವ ಮದ್ದಾದ ಝೋಲೆಡ್ರೊನಿಕ್ ಆಮ್ಲದ ಡ್ರಿಪ್ ಕೊಟ್ಟರೆ ಕ್ಯಾಲ್ಸಿಯಂ ಕುಸಿದು ಕೈಕಾಲು ಸೆಟೆದುಕೊಳ್ಳುವ ಅಪಾಯವಿದೆ.