ಹಂಚಾ, ಸ್ಲ್ಯಾಬಾ? ಕರಾವಳಿಯಲ್ಲಿ ಮನೆ ಕಟ್ಟುವವರ ಪ್ರಶ್ನೆ

ಪ್ರಶ್ನೆ: ಕುಂದಾಪುರದ ಹತ್ತಿರ, ಸಮುದ್ರದಿಂದ ಅರ್ಧ ಕಿಲೋಮೀಟರ್ ಒಳಗೆ ಮನೆ ಕಟ್ಟಿಸಬೇಕು ಅಂತಿದ್ದೇವೆ. ಹಂಚಿನ ಮಾಡು ತಂಪು, ಆದರೆ ಚಂಡಮಾರುತ ಬಂದರೆ ಹಾರಿಹೋಗುತ್ತದೆ ಅಂತಾರೆ. ಸ್ಲ್ಯಾಬ್ ಗಟ್ಟಿ, ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಒಳಗೆ ಕೂರೋಕಾಗಲ್ಲ. ಎರಡೂ ಸಿಗುವ ದಾರಿ ಇದೆಯಾ?

ಉತ್ತರ: ಇದೆ. ಆದರೆ ಹಂಚೋ ಸ್ಲ್ಯಾಬೋ ಅನ್ನೋದಕ್ಕೆ ಮುಂಚೆ ಇನ್ನೆರಡು ವಿಷಯ ತೀರ್ಮಾನ ಆಗಬೇಕು. ಮಾಡನ್ನು ಗೋಡೆಗೆ ಹೇಗೆ ಬಿಗಿಯುತ್ತೀರಿ? ಸೂರನ್ನು ಎಷ್ಟು ಹೊರಗೆ ಚಾಚುತ್ತೀರಿ? ಮನೆ ತಂಪಾಗಿರುವುದು, ಗಾಳಿಗೆ ನಿಲ್ಲುವುದು ಹೆಚ್ಚಾಗಿ ಇದರ ಮೇಲೇ ಇದೆ.

ಮೊದಲು ಸೆಕೆಯ ವಿಷಯ. ನಮ್ಮ ಕರಾವಳಿಯಲ್ಲಿ ಮೇ ತಿಂಗಳ ಹಗಲು 33-34 ಡಿಗ್ರಿ ಇದ್ದರೆ ರಾತ್ರಿಯೂ 26ರ ಆಸುಪಾಸೇ. ಬಳ್ಳಾರಿ, ರಾಯಚೂರಿನ ಕಡೆ ದಪ್ಪ ಗೋಡೆಯ ಮನೆ ರಾತ್ರಿ ತಣ್ಣಗಾಗಿ, ಹಗಲಿಗೆ ಆ ತಂಪನ್ನು ಉಳಿಸಿಕೊಳ್ಳುತ್ತದೆ. ಇಲ್ಲಿ ತಣ್ಣಗಾಗೋಕೆ ಅಂಥ ರಾತ್ರಿಯೇ ಸಿಗುವುದಿಲ್ಲ. ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದಿಲ್ಲ. ಹಾಗಾಗಿ ಮೈಗೆ ಹಿತ ಆಗಬೇಕಾದರೆ ಎರಡೇ ದಾರಿ: ಬಿಸಿಲು ಗೋಡೆಗೂ ಮಾಡಿಗೂ ತಾಗಿ ಒಳಗೆ ಇಳಿಯಬಾರದು, ಗಾಳಿ ನಿಲ್ಲಬಾರದು. ಬರೀ ಸ್ಲ್ಯಾಬ್ ಇದ್ದರೆ ಹಗಲಿಡೀ ಕಾದ ಕಾವಲಿಯ ಹಾಗೆ ಬಿಸಿ ಹಿಡಿದಿಟ್ಟುಕೊಂಡು, ಮಲಗುವ ಹೊತ್ತಿಗೆ ಕೆಳಗೆ ಬಿಡುತ್ತದೆ. ಹಂಚಿನ ಮಾಡು ಹಗಲು ಬಿಸಿಯಾದರೂ ಸಂಜೆಗೆ ಬೇಗ ಆರುತ್ತದೆ. ಮೇಲೇರಿದ ಬಿಸಿಗಾಳಿ ಹಂಚಿನ ಸಂದುಗಳಲ್ಲೇ ಹೊರಗೆ ಹೋಗುತ್ತದೆ.

ಇಲ್ಲೊಂದು ತೊಡಕಿದೆ. ಮಧ್ಯಾಹ್ನದ ತಂಪುಗಾಳಿ ಬರುವುದು ಪಡುವಣ ದಿಕ್ಕಿನ ಸಮುದ್ರದಿಂದ. ಸುಡುವ ಸಂಜೆ ಬಿಸಿಲೂ ಅಲ್ಲಿಂದಲೇ. ಜೂನ್‌ನಲ್ಲಿ ಜಡಿಮಳೆ ಹೊಡೆಯುವುದೂ ಹೆಚ್ಚುಕಡಿಮೆ ಅದೇ ಕಡೆಯಿಂದ. ಕಿಟಕಿ ಇಟ್ಟರೆ ಬಿಸಿಲು, ಮಳೆ ಒಳಗೆ. ಇಡದಿದ್ದರೆ ಗಾಳಿಯೇ ಇಲ್ಲ. ಹಳೆಯ ಮನೆಗಳಲ್ಲಿ ಇದಕ್ಕೆ ಜಗಲಿ ಇತ್ತು. ಆರೇಳು ಅಡಿ ಅಗಲದ ಜಗಲಿ, ಅದರ ಮೇಲೆ ತಗ್ಗಾಗಿ ಇಳಿದ ಮಾಡು, ಮಳೆಗಾಲಕ್ಕೆ ತೆಂಗಿನ ಗರಿ ಹೆಣೆದ ಮಡಲಿನ ತಟ್ಟಿ. ಕಿಟಕಿ ಪಡುವಣಕ್ಕೆ ತೆರೆದೇ ಇರುತ್ತಿತ್ತು, ಆದರೆ ನೆರಳಿನಲ್ಲಿ. ನಿಮ್ಮ ಮನೆಗೂ ಪಶ್ಚಿಮಕ್ಕೊಂದು ಜಗಲಿ ಇಡಿ. ಎದುರಿಗೆ ಪೂರ್ವದ ಗೋಡೆಯಲ್ಲೂ ಅಷ್ಟೇ ದೊಡ್ಡ ಕಿಟಕಿ ಇರಲಿ. ಒಂದೇ ಕಡೆ ಕಿಟಕಿ ಇಟ್ಟರೆ ಬಂದ ಗಾಳಿಗೆ ಹೊರಗೆ ಹೋಗೋಕೆ ದಾರಿ ಇರಲ್ಲ, ಹಾಗಾಗಿ ಒಳಗೂ ಬರಲ್ಲ.

ಈಗ ಬಿರುಗಾಳಿ. ಕಟ್ಟಡಗಳ ಲೆಕ್ಕಕ್ಕೆ ಭಾರತೀಯ ಮಾನಕ (ಐಎಸ್ 875, ಮೂರನೇ ಭಾಗ) ಮಂಗಳೂರಿಗೆ ಇಟ್ಟಿರುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ ಸುಮಾರು 140 ಕಿ.ಮೀ. ಚೆನ್ನೈ, ವಿಶಾಖಪಟ್ಟಣಕ್ಕೆ 50 ಮೀಟರ್. ನಮ್ಮ ಕಡೆ ಕಡಿಮೆ ಅಂತ ಸುಮ್ನೆ ಕೂರುವ ಹಾಗಿಲ್ಲ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ಅಪ್ಪಳಿಸಿದ್ದು ಗುಜರಾತಿಗೆ. ಆದರೂ ಪಕ್ಕದಲ್ಲಿ ಹಾದುಹೋಗುತ್ತಲೇ ನಮ್ಮ ಕರಾವಳಿಯ ಮನೆಗಳಿಗೆ ಹಾನಿ ಮಾಡಿತು.

ಗಾಳಿ ಮಾಡನ್ನು ಒತ್ತಿ ಬೀಳಿಸುವುದಕ್ಕಿಂತ ಜಾಸ್ತಿ, ಮೇಲಕ್ಕೆ ಹೀರಿ ಎತ್ತುತ್ತದೆ. 140 ಕಿ.ಮೀ. ವೇಗದಲ್ಲಿ ಒಂದು ಚದರ ಮೀಟರಿಗೆ ಸುಮಾರು 90 ಕೆ.ಜಿ. ಒತ್ತಡ. ಮೂಲೆ, ಅಂಚುಗಳಲ್ಲಿ ಎಳೆತ ಇದಕ್ಕಿಂತಲೂ ಹೆಚ್ಚು. ಈಗ ಭಾರ ನೋಡಿ. ಐದಿಂಚಿನ ಸ್ಲ್ಯಾಬ್ ಚದರ ಮೀಟರಿಗೆ 300 ಕೆ.ಜಿ.ಗೂ ಜಾಸ್ತಿ. ಮಂಗಳೂರು ಹಂಚು 40 ಕೆ.ಜಿ. ಹತ್ತಿರ. ತಗಡಿನ ಶೀಟು ಬರೀ ಐದು.

ಅದಕ್ಕೇ ನನಗೆ ಹಂಚಿಗಿಂತ ಹೆಚ್ಚು ಭಯ ಆಗುವುದು ಸ್ಲ್ಯಾಬಿನ ಮೇಲೆ ಹಾಕುವ ಶೀಟಿನ ಬಗ್ಗೆ. ಸೋರುತ್ತದೆ, ಕಾಯುತ್ತದೆ ಅಂತ ಎಷ್ಟೋ ತಾರಸಿಗಳ ಮೇಲೆ ಕಬ್ಬಿಣದ ಪೈಪು ನಿಲ್ಲಿಸಿ ಶೀಟು ಹೊದಿಸಿದ್ದಾರೆ. ನಾಲ್ಕೂ ಕಡೆ ತೆರೆದಿರುವುದರಿಂದ ಗಾಳಿ ಅಡಿಯಿಂದಲೂ ಎತ್ತುತ್ತದೆ, ಮೇಲಿಂದಲೂ ಹೀರುತ್ತದೆ. ಆ ಪೈಪಿನ ಬುಡ ಬಗ್ಗಿ ನೋಡಿ. ಸಣ್ಣದೊಂದು ಪ್ಲೇಟು, ಎರಡು ಬೋಲ್ಟು, ಉಪ್ಪುಗಾಳಿಗೆ ಪದರ ಪದರವಾಗಿ ಎದ್ದ ತುಕ್ಕು. ಇಡೀ ಚಾವಣಿ ನಿಂತಿರುವುದು ಅದರ ಮೇಲೆ. ಹಾರಿದರೆ ನಿಮ್ಮ ಮನೆಗಷ್ಟೇ ಅಲ್ಲ, ಪಕ್ಕದ ಮನೆಯವರ ಜೀವಕ್ಕೂ ಅಪಾಯ. ಬಿಡಿ ಹಂಚು ಹಾರಿದರೂ ಅಪಾಯವೇ, ಆದರೆ ಸಂದುಗಳಿರುವುದರಿಂದ ಒತ್ತಡ ಅಷ್ಟು ಕಟ್ಟಿಕೊಳ್ಳುವುದಿಲ್ಲ. ಹೋದ ಜಾಗಕ್ಕೆ ಬೇರೆ ಹಂಚು ಹಾಕಿದರೆ ಆಯಿತು.

ನಾನಾದರೆ ಹೀಗೆ ಮಾಡಿಸುತ್ತೇನೆ. ಚಾವಡಿ, ಅಡುಗೆಮನೆಗೆ ಹಂಚಿನ ಮಾಡು. ಮಲಗುವ ಒಂದೆರಡು ಕೋಣೆಗೆ ಇಳಿಜಾರಾಗಿ ಎರೆದ ಸ್ಲ್ಯಾಬ್, ಅದರ ಮೇಲೆ ರೀಪು (ಹಂಚು ಕೂರುವ ಮರದ ಪಟ್ಟಿ) ಹೊಡೆದು ಹಂಚು. ನಡುವಿನ ಸಂದಿನಲ್ಲಿ ಗಾಳಿ ಆಡುವುದರಿಂದ ಕೋಣೆಗೆ ಬಿಸಿ ಇಳಿಯುವುದು ಕಡಿಮೆ. ಬಿರುಗಾಳಿಯ ರಾತ್ರಿ ಮನೆಮಂದಿ ಸೇರಿಕೊಳ್ಳೋಕೆ ಗಟ್ಟಿ ಜಾಗವೂ ಆಯಿತು. ಮಾಡು 30 ಡಿಗ್ರಿ ಆಸುಪಾಸು ಇಳಿಜಾರಿರಲಿ. ತೀರ ಚಪ್ಪಟೆಯಾದರೆ ಹೀರುವ ಬಲ ಜಾಸ್ತಿ. ಸಾಧ್ಯವಾದರೆ ನಾಲ್ಕೂ ಕಡೆಗೆ ಇಳಿಯುವ ಮಾಡನ್ನೇ ಕೇಳಿ. ಎರಡು ಕಡೆ ತ್ರಿಕೋನದ ಗೋಡೆ ಎದ್ದು ನಿಂತ ಮಾಡಿಗಿಂತ ಅದು ಗಾಳಿಯನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ.

ತಂಪಿಗೂ ಗಟ್ಟಿತನಕ್ಕೂ ಜಗಳ ಇರುವುದು ಸೂರಿನಲ್ಲಿ. ಸೂರು ಉದ್ದ ಇದ್ದಷ್ಟೂ ನೆರಳು ಜಾಸ್ತಿ, ಕೆಂಪುಕಲ್ಲಿನ ಗೋಡೆಗೆ ಮಳೆ ಹೊಡೆತ ಕಡಿಮೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಕಡೆ ಸೂರು ಕಿರಿದು ಮಾಡಿದರೆ ಗೋಡೆ ವರ್ಷದಲ್ಲಿ ಅರ್ಧ ತೇವವೇ. ಆದರೆ ಚಾಚಿದ ಸೂರನ್ನೇ ಗಾಳಿ ಮೊದಲು ಹಿಡಿದೆತ್ತುವುದು. ಇದಕ್ಕೆ ಪರಿಹಾರ, ಜಗಲಿಯ ಮಾಡನ್ನು ದೊಡ್ಡ ಮಾಡಿನ ಮುಂದುವರಿಕೆಯಾಗಿ ಮಾಡದಿರುವುದು. ಒಂದೂವರೆ ಅಡಿ ಕೆಳಗೆ ಬೇರೆ ಪಕ್ಕಾಸು (ಮಾಡನ್ನು ಹೊರುವ ಇಳಿಜಾರು ಮರ), ಬೇರೆ ಕಂಬ. ದೊಡ್ಡ ಮಾಡಿನ ಸೂರು ಎರಡಡಿಗೆ ಸಾಕು. ಕೆಟ್ಟ ಗಾಳಿಗೆ ಜಗಲಿಯ ಮಾಡು ಕಿತ್ತುಹೋದರೂ ಮನೆಯ ಮಾಡನ್ನು ಜೊತೆಗೆ ಎಳೆದುಕೊಂಡು ಹೋಗುವುದಿಲ್ಲ.

ಇನ್ನು ಬಿಗಿಯುವ ಕೆಲಸ. ಎಷ್ಟೋ ಹಂಚಿನ ಮನೆಗಳಲ್ಲಿ ಪಕ್ಕಾಸು ಗೋಡೆಯ ಮೇಲೆ ಬರೀ ಕೂತಿರುತ್ತದೆ, ಭಾರವೇ ಹಿಡಿದುಕೊಳ್ಳಲಿ ಅಂತ. ಗೋಡೆಯ ತಲೆಗೆ ಸುತ್ತಲೂ ಕಾಂಕ್ರೀಟ್ ಬೆಲ್ಟ್ ಹಾಕಿಸಿ, ಎರೆಯುವಾಗಲೇ ಬೋಲ್ಟು ನೆಡಿಸಿ, ಪ್ರತಿ ಪಕ್ಕಾಸನ್ನೂ ಪಟ್ಟಿಯಿಂದ ಅದಕ್ಕೆ ಬಿಗಿಸಿ. ಮೂಲೆಗಳಲ್ಲಿ ಈ ಬೆಲ್ಟಿನಿಂದ ಪಂಚಾಂಗದವರೆಗೆ, ಅಂದರೆ ಅಡಿಪಾಯದವರೆಗೆ, ಕಬ್ಬಿಣದ ಸರಳು ಇಳಿದಿರಬೇಕು. ಸೂರು, ಮೂಲೆ, ತುದಿಯ ಸಾಲಿನ ಹಂಚುಗಳನ್ನು ರೀಪಿಗೆ ತಂತಿಯಿಂದ ಕಟ್ಟಿಸಿ. ಮಾಮೂಲಿ ಕಬ್ಬಿಣದ ತಂತಿ ಬೇಡ, ತಾಮ್ರ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಇರಲಿ. ಇದರ ಖರ್ಚು ಇಡೀ ಮನೆಯ ಲೆಕ್ಕದಲ್ಲಿ ತುಂಬ ಸಣ್ಣದು.

ಕಾಂಕ್ರೀಟಿಗೂ ಉಪ್ಪು ಬಿಡುವುದಿಲ್ಲ. ಒಳಗಿನ ಸರಳು ತುಕ್ಕು ಹಿಡಿದರೆ ಉಬ್ಬಿ ಸ್ಲ್ಯಾಬನ್ನೇ ಒಡೆಯುತ್ತದೆ. ಕರಾವಳಿಯ ಗಾಳಿಗೆ ನೇರ ಒಡ್ಡಿದ ಕಾಂಕ್ರೀಟಿಗೆ ಐಎಸ್ 456 (ಕಾಂಕ್ರೀಟಿನ ಭಾರತೀಯ ಮಾನಕ) ಹೇಳುವುದು ಕನಿಷ್ಠ ಎಂ30 ಅನ್ನೋ ಗಟ್ಟಿತನದ ದರ್ಜೆ, ಸರಳಿನ ಮೇಲೆ 45 ಮಿ.ಮೀ. ಕಾಂಕ್ರೀಟ್ ಹೊದಿಕೆ. ಒಳನಾಡಿನ ಅಳತೆಯಲ್ಲಿ 20 ಮಿ.ಮೀ. ಕವರ್ ಬ್ಲಾಕ್ (ಹೊದಿಕೆಗೆ ಜಾಗ ಬಿಡಲು ಸರಳಿನ ಅಡಿಗೆ ಇಡುವ ತುಂಡು) ಇಟ್ಟು ಎರೆದುಬಿಡುವವರಿದ್ದಾರೆ, ಎರೆಯುವ ದಿನ ನೀವೇ ನಿಂತು ಅಳೆದು ನೋಡಿ. ಸಮುದ್ರದ ಮರಳು, ಉಪ್ಪು ಬಾವಿಯ ನೀರು ಖಂಡಿತ ಬೇಡ.

ನಕ್ಷೆ ಬರೆಸುವ ಮುಂಚೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ ವಿಚಾರಿಸಿಕೊಳ್ಳಿ. ಸಮುದ್ರದಿಂದ ಅರ್ಧ ಕಿಲೋಮೀಟರ್ ದೂರ ಇದ್ದೇವೆ ಅಂತ ಬಿಡಬೇಡಿ, ಉಬ್ಬರದ ನೀರು ಏರುವ ಹೊಳೆಯ ದಡಕ್ಕೂ ಆ ನಿಯಮ ಇದೆ. ಕುಂದಾಪುರದ ಸುತ್ತ ಅಂಥ ಹೊಳೆಗಳೇ ಜಾಸ್ತಿ ಅಲ್ವಾ?